ಹೈಸ್ಕೂಲ್ ಮಕ್ಕಳಿಗೆ ಸಿನಿಮಾ ಹೇಳ್ಕೊಡ್ತಿದೀವಿ, ಎಲ್ರೂ ಒಂದೇ ಕಥೆ ಬರೀತಾರೆ, ಏನ್ ಮಾಡೋದು?

ಕಲ್ಪತರು_ರಂಗ:
ಎಲ್ರಿಗೂ ನಮಸ್ಕಾರ. ತಿಪಟೂರು ಕಡೆ ಒಂದು ಹಳ್ಳಿ ನಮ್ದು. ನಮ್ಮ ಕಲಾ ಸಂಘದಿಂದ ಪ್ರತಿ ಭಾನುವಾರ ಬೆಳಿಗ್ಗೆ ಹೈಸ್ಕೂಲ್ ಮಕ್ಕಳಿಗೆ ಸಿನಿಮಾ ಕ್ಲಾಸ್ ಶುರು ಮಾಡಿದೀವಿ, ಫೀಸ್ ಏನಿಲ್ಲ, 8ನೇ ಕ್ಲಾಸು 9ನೇ ಕ್ಲಾಸಿನೋರು ಒಟ್ಟು 22 ಜನ ಬರ್ತಾರೆ, 10ನೇ ಕ್ಲಾಸಿನೋರನ್ನ ಎಸ್ಸೆಸ್ಸೆಲ್ಸಿ ಅಂತ ಮನೇಲಿ ಬಿಡಲ್ಲ. 3 ಫೋನು, 1 ಟ್ರೈಪಾಡು, ಒಂದು ಹಳೇ ಲ್ಯಾಪ್‌ಟಾಪು ಇದೆ. ನಾನು ನಾಟಕದೋನು, ಸಿನಿಮಾ ಓದಿದೋನಲ್ಲ.

ಸಮಸ್ಯೆ ಏನಪ್ಪಾ ಅಂದ್ರೆ, ನಾಲ್ಕು ಗುಂಪು ಮಾಡಿ 5 ನಿಮಿಷದ ಸಿನಿಮಾಗೆ ಕಥೆ ಬರೀರಿ ಅಂದೆ. ಮೂರು ಗುಂಪಿನೋರು ಬರ್ದಿದ್ದು ಒಂದೇ, ಅಪ್ಪ ಕುಡೀತಾನೆ, ಮಗ ಸ್ಕೂಲ್ ಬಿಡ್ತಾನೆ, ಮೇಷ್ಟ್ರು ಬಂದು ಬುದ್ಧಿ ಹೇಳ್ತಾರೆ, ಅಪ್ಪ ಬದಲಾಗ್ತಾನೆ. ನಾಲ್ಕನೇದು ಮೊಬೈಲ್ ಚಟ. ಅದೇ ಮಕ್ಕಳು ಬಿಡುವಲ್ಲಿ ಮಾತಾಡ್ತಾ ಕೂತ್ರೆ ಎಂಥ ಚೆಂದ ಗೊತ್ತಾ, ಒಬ್ಳು ಹುಡುಗಿ ಅವಳಜ್ಜಿ ಅಟ್ಟ ಹತ್ತಿ ಒಂದೊಂದೇ ಕಾಯಿ ಕಿವಿ ಹತ್ರ ಹಿಡ್ದು ಅಲ್ಲಾಡ್ಸಿ, ಒಳಗೆ ಗಡಗಡ ಅಂದ್ರೆ ಕೊಬ್ಬರಿ ಆಗಿದೆ ಅಂತ ಕೆಳಗಿಳಿಸ್ತಾಳೆ ಅನ್ನೋದನ್ನ ಮಾಡಿ ತೋರ್ಸಿದ್ಲು, ನಾವೆಲ್ಲ ಸುಮ್ನೆ ನೋಡ್ತಾ ಕೂತ್ಬಿಟ್ವಿ. ಆದ್ರೆ ಕೈಗೆ ಪೇಪರ್ ಕೊಟ್ರೆ ಅದ್ಯಾವುದೂ ಬರಲ್ಲ. ಇನ್ನೊಂದು, ಕ್ಯಾಮೆರಾನ ಹುಡುಗರು ಬಿಟ್ಕೊಡಲ್ಲ, ಹುಡುಗೀರಿಗೆ ಬರೀ ಆಕ್ಟಿಂಗು. ಮತ್ತೆ ಸೌಂಡಂತೂ ಕೇಳೋಕಾಗಲ್ಲ, ಬರೀ ಗಾಳಿ ಮತ್ತೆ ಫ್ಯಾನು. ಈ ಕೆಲ್ಸ ಮಾಡಿರೋರು ದಯವಿಟ್ಟು ಹೇಳಿ.

ಸಾಗರದ_ಮಳೆ:
ಕಥೆ ಬರಿ ಅಂದ್ರೆ ಆ ಮಕ್ಕಳಿಗೆ ಪ್ರಬಂಧ ಬರಿ ಅಂದಂಗೇ ಕೇಳ್ಸುತ್ತೆ. ಪ್ರಬಂಧ ಅಂದ್ಮೇಲೆ ಕೊನೇಲಿ ನೀತಿ ಇರ್ಬೇಕು ಅಂತ ಒಂದನೇ ಕ್ಲಾಸಿಂದ ಕಲ್ತಿದಾರೆ ಪಾಪ. ಒಂದು ತಿಂಗಳು ಪೇಪರ್ರು ಪೆನ್ನು ಎತ್ತಿಟ್ಬಿಡಿ.

ನಾನು ಮಾಡಿಸೋದು ಇಷ್ಟೇ. 1895ರಲ್ಲಿ ಲೂಮಿಯೇರ್ ಅಣ್ಣತಮ್ಮ ತೆಗೆದ ಮೊದಲ ಸಿನಿಮಾಗಳು ಒಂದೊಂದೂ ಸುಮಾರು 50 ಸೆಕೆಂಡು, ಯಾಕಂದ್ರೆ ಅವರ ಕ್ಯಾಮೆರಾಗೆ ಹಿಡೀತಿದ್ದ ರೀಲೇ 17 ಮೀಟರ್. ಕ್ಯಾಮೆರಾ ಅಲ್ಲಾಡಲ್ಲ, ಕಟ್ ಇಲ್ಲ, ಮಾತಿಲ್ಲ. ಅವೇ ಸಿನಿಮಾ 1896 ಜುಲೈ 7ಕ್ಕೆ ಮುಂಬೈನ ವಾಟ್ಸನ್ ಹೋಟೆಲಿಗೆ ಬಂದ್ವು ಅಂತ ಹೇಳಿ ನಾಲ್ಕೈದು ತೋರ್ಸಿ, ಆಮೇಲೆ ಪ್ರತಿ ಮಗೂಗೂ 50 ಸೆಕೆಂಡ್ ಕೊಡಿ, ಗುಂಪಿಗಲ್ಲ, ಒಬ್ಬೊಬ್ರಿಗೆ. ಎಲ್ಲಿ ನಿಲ್ಬೇಕು, ಯಾವಾಗ ಬಟನ್ ಒತ್ಬೇಕು, ಈ ಎರಡೇ ತೀರ್ಮಾನ ಅವರದ್ದು. ಫೋನ್ ಟ್ರೈಪಾಡ್ ಮೇಲೆ, ಒತ್ತಿದ್ಮೇಲೆ ಮುಟ್ಟಂಗಿಲ್ಲ. ಎಲ್ಲಾನೂ ಗೋಡೆ ಮೇಲೆ ಹಾಕಿ ನೋಡುವಾಗ ಚೆನ್ನಾಗಿದೆ ಚೆನ್ನಾಗಿಲ್ಲ ಅನ್ನೋ ಮಾತೇ ಬೇಡ, ಏನ್ ಕಾಣ್ಸ್ತು ಅಂತ ಮಾತ್ರ ಕೇಳಿ.

ನೋಡೋದು ಮೊದಲು ಅನ್ನೋದನ್ನ ನಾವು ಕಲ್ತಿದ್ದು ಹೆಗ್ಗೋಡಿನ ನೀನಾಸಂನಿಂದ. 1949ರ ನಾಟಕ ಸಂಘ ಅದು, ಅದನ್ನ ನಡೆಸ್ತಿದ್ದ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಅಲ್ಲೇ ಚಿತ್ರಸಮಾಜ, ಅಂದ್ರೆ ಫಿಲ್ಮ್ ಸೊಸೈಟಿ ಕಟ್ಟಿದ್ರು, 80ರ ದಶಕದಲ್ಲಿ ಪ್ರೊಜೆಕ್ಟರ್ ಹೊತ್ಕೊಂಡು ಹಳ್ಳಿ ಹಳ್ಳಿಗೆ ಹೋಗಿ ಜಗತ್ತಿನ ಒಳ್ಳೊಳ್ಳೆ ಸಿನಿಮಾ ತೋರ್ಸಿದ್ರು. ನಮ್ಮಪ್ಪ ಅಡಿಕೆ ಕೊಯ್ಲು ಮುಗ್ಸಿ ಬಂದು ಬೇರೆ ಭಾಷೆ ಸಿನಿಮಾನ ಕಣ್ಣು ಮಿಟುಕಿಸದೆ ನೋಡಿದ್ದನ್ನ ಈಗ್ಲೂ ಹೇಳ್ತಾರೆ. ಹಳ್ಳಿ ಮಕ್ಕಳಿಗೆ ಅರ್ಥ ಆಗಲ್ಲ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ.

ಧಾರವಾಡ_ಟೀಚರ್:
ಹುಡುಗ್ಯಾರ ವಿಷಯ ನಾ ಹೇಳ್ತೀನ್ರಿ. ನಮ್ಮಲ್ಲೂ ಹಿಂಗಽ ಆಗಿತ್ತು. ಸಿನಿಮಾಕ್ಕೊಮ್ಮೆ ಪಾಳಿ ಬದಲಿ ಮಾಡಿದ್ರ ಏನೂ ಉಪಯೋಗ ಇಲ್ರಿ, ಶಾಟಿಗೊಮ್ಮೆ ಬದಲಿ ಮಾಡ್ರಿ. ಚೀಟಿ ಎತ್ತಸ್ರಿ, ಈ ಶಾಟಿಗೆ ಕ್ಯಾಮೆರಾ ಯಾರು, ಸೌಂಡ್ ಯಾರು, ಕ್ಲಾಪ್ ಯಾರು ಅಂತ. ಮೂರು ವಾರದಾಗ ಗಂಡ್ಹುಡುಗ್ರ ಗಲಾಟಿ ತಾನಽ ನಿಂತ್ತು.

ಆದ್ರ ಅದಕಿಂತ ದೊಡ್ಡ ಮಾತೊಂದೈತ್ರಿ. ಮೊದಲನೇ ವರ್ಷ ನಮ್ಮ ಕ್ಲಾಸಿನ ಒಂದು ಹುಡುಗಿ ನಕ್ಕಿದ್ದ ಕ್ಲಿಪ್ ಯಾರದೋ ಫೋನಿನಿಂದ ಸ್ಟೇಟಸ್ಸಿಗೆ ಹೋತು. ಮರುದಿನದಿಂದ ಆಕಿನ್ನ ಮನ್ಯಾಗ ಕಳಸ್ಲಿಲ್ಲ. ಎಡಿಟಿಂಗಿನ್ಯಾಗ ಆಕಿ ಅಷ್ಟು ಚಂದ ಕೂಡ್ತಿದ್ಲು, ಎಲ್ಲಿ ಕತ್ತರಸ್ಬೇಕು ಅಂತ ಆಕಿಗೆ ಹೇಳೋದಽ ಬೇಕಿರ್ಲಿಲ್ಲ. ಇವತ್ತಿಗೂ ನನಗ ಅದು ನೋವು. ಆಮ್ಯಾಲಿಂದ ಸಂಘದ ಫೋನಿಗೆ ಸಿಮ್ ಇಲ್ಲ, ಮಕ್ಕಳ ಸ್ವಂತ ಫೋನಿನ್ಯಾಗ ಶೂಟ್ ಇಲ್ಲ, ಅವತ್ತಿಂದು ಅವತ್ತಽ ಹಾರ್ಡ್‌ಡಿಸ್ಕಿಗೆ ಹಾಕಿ ಫೋನ್ ಖಾಲಿ ಮಾಡ್ತೀವಿ. ತಂದಿ ತಾಯಿ ಸಹಿ ಮೊದಲಽ ತಗೋರಿ, ಯೂಟ್ಯೂಬಿಗೆ ಹಾಕೂದಕ್ಕ ಬ್ಯಾರೆ ಸಹಿ. ಮಂದಿ ಖಾಸಗಿ ಮಾಹಿತಿ ಕಾಯೋ 2023ರ ಡೇಟಾ ಕಾಯ್ದೆ ಪ್ರಕಾರನೂ 18ರೊಳಗಿನವರು ಮಕ್ಕಳಽ ಅದಾರ.

ಇನ್ನೊಂದು, ಕುಡಿಯೋ ಅಪ್ಪನ ಕಥಿ ಅಂದಕೂಡ್ಲೆ ಹಳೇದು ಅಂತ ಬದಿಗೆ ಸರಸ್ಬ್ಯಾಡ್ರಿ. ಮೂರು ಗುಂಪು ಬರದಾರ ಅಂದ್ರ ಅದರಾಗ ಒಬ್ಬರದರೆ ಖರೇ ಇರತೈತಿ.

ಬೂಮ್_ಮೈಕ್:
ನಾನು ಬೆಂಗಳೂರಲ್ಲಿ ಸೌಂಡ್ ಕೆಲ್ಸ ಮಾಡ್ತೀನಿ. ಸರ್, ಆ ಕೊಬ್ಬರಿ ಗಡಗಡ ಬಿಡ್ಬೇಡಿ, ನಿಮ್ಮ ಮೊದಲ ಸಿನಿಮಾ ಅದೇ! ಹಸೀದು, ಅರ್ಧ ಒಣಗಿದ್ದು, ಪೂರ್ತಿ ಆಗಿದ್ದು, ಮೂರು ಕಾಯಿ ಅಲ್ಲಾಡ್ಸಿ ರೆಕಾರ್ಡ್ ಮಾಡ್ಸಿ, ಕಣ್ಣು ಮುಚ್ಕೊಂಡು ಯಾವುದು ಅಂತ ಹೇಳೋಕೆ ಬಿಡಿ, ಕೇಳಿಸ್ಕೊಳ್ಳೋದು ಅಂದ್ರೇನು ಅಂತ ಅಲ್ಲೇ ಬಂದ್ಬಿಡುತ್ತೆ. ಸೌಂಡಿಗೆ ಮೈಕ್ ಕೊಳ್ಳೋದೇ ಬೇಡ, ಒಂದು ಫೋನ್ ಕ್ಯಾಮೆರಾಗೆ, ಇನ್ನೊಂದನ್ನ ಮಾತಾಡೋ ಮಗುವಿನ ಶರ್ಟ್ ಜೇಬಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಇಡಿ, ಶುರುವಲ್ಲಿ ಜೋರಾಗಿ ಒಂದು ಚಪ್ಪಾಳೆ, ಎಡಿಟಲ್ಲಿ ಆ ಚಪ್ಪಾಳೆ ಕೂಡಿಸಿದ್ರೆ ಮಾತು ಬಾಯಿಗೆ ಕೂರುತ್ತೆ. ಫ್ಯಾನ್ ಆಫ್ ಮಾಡ್ಲೇಬೇಕು. ಪ್ರತಿ ಜಾಗದಲ್ಲೂ ಎಲ್ರೂ ಸುಮ್ನಿದ್ದು 30 ಸೆಕೆಂಡ್ ಖಾಲಿ ಸದ್ದು ರೆಕಾರ್ಡ್ ಮಾಡ್ಕೊಳ್ಳಿ, ತೇಪೆ ಹಾಕೋಕೆ ಬೇಕಾಗುತ್ತೆ.

ಅಟ್ಟದಲ್ಲಿ ಕತ್ತಲೆ ಇರುತ್ತಲ್ಲ, ಅದಕ್ಕೆ ಬಿಳಿ ಪಂಚೆ ಸಾಕು. ಕ್ಯಾಮೆರಾಮನ್ ಸುಬ್ರತ ಮಿತ್ರ ಅವರು 50ರ ದಶಕದಲ್ಲಿ ಸತ್ಯಜಿತ್ ರೇ ಸಿನಿಮಾಗೆ ಸ್ಟುಡಿಯೋ ಒಳಗೆ ಕಾಶಿ ಮನೆ ಅಂಗಳದ ಬೆಳಕು ತಂದಿದ್ದು ಬಿಳಿ ಬಟ್ಟೆ ಕಟ್ಟಿ ಅದರ ಮೇಲೆ ಲೈಟ್ ಬಿಟ್ಟು. ನಮ್ಮ ಮೈಸೂರಿನ ಕ್ಯಾಮೆರಾಮನ್ ವಿ.ಕೆ. ಮೂರ್ತಿಯವರು, ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ಲಿ ಕಲ್ತೋರು, ಗುರುದತ್ ಸಿನಿಮಾಗೆ ಸ್ಟುಡಿಯೋ ಒಳಗೆ ಬೆಳಕಿನ ಕೋಲು ಇಳಿಸಿದ್ದು ಕನ್ನಡಿಲಿ ಹೊರಗಿನ ಬಿಸಿಲು ಹಿಡಿದು. ಮಕ್ಕಳಿಗೆ ಇದನ್ನ ಹೇಳಿ ಆಮೇಲೆ ಅಲ್ಮೆರಾ ಕನ್ನಡಿ ಕೈಗೆ ಕೊಡಿ. ಟ್ಯೂಬ್‌ಲೈಟಲ್ಲಿ ಪಟ್ಟೆ ಪಟ್ಟೆ ಬಂದ್ರೆ ಕ್ಯಾಮೆರಾ ಸೆಟ್ಟಿಂಗಲ್ಲಿ ಶಟರ್ ಸ್ಪೀಡ್ 1/50 ಅಥವಾ 1/100 ಸೆಕೆಂಡ್ ಇಡಿ, ನಮ್ಮ ಕರೆಂಟು 50 ಹರ್ಟ್ಜ್ ಇರೋದ್ರಿಂದ ಹಂಗಾಗೋದು. ವಿಡಿಯೋ ಕ್ವಾಲಿಟಿ 4ಕೆ ಬೇಡ, 1080ಪಿ ಸಾಕು, ಅದೇ ನಿಮಿಷಕ್ಕೆ 100ರಿಂದ 150 ಎಂಬಿ ತಿನ್ನುತ್ತೆ. ಹಳೇ ಲ್ಯಾಪ್‌ಟಾಪಿಗೆ ಕೆಡೆನ್‌ಲೈವ್ ಹಾಕಿ, ಫ್ರೀ ಎಡಿಟಿಂಗ್ ಸಾಫ್ಟ್‌ವೇರು, ಅದರಲ್ಲಿ ಪ್ರಾಕ್ಸಿ ಆನ್ ಮಾಡಿ, ಎಡಿಟ್ ಮಾಡೋವಾಗ ವಿಡಿಯೋದ ಹಗುರ ಕಾಪಿ ಬಳಸುತ್ತೆ.

ಕಲ್ಪತರು_ರಂಗ:
ಎರಡು ವಾರ ಆಯ್ತು, ಲೇಟಾಗಿ ಬರೀತಿದೀನಿ. 22ರಲ್ಲಿ 19 ಜನ 50 ಸೆಕೆಂಡ್ ತಂದ್ರು. ಅಜ್ಜಿ ಶಾಟ್ ಬಂತು, ಪಂಚೆ ಕಟ್ಟಿದ್ದು ಅವಳೇ, ಕಾಯಿ ಸದ್ದಿಗೆ ಇಡೀ ಕ್ಲಾಸ್ ನಿಶ್ಶಬ್ದ. ಇನ್ನೊಂದು ವಿಷ್ಯ, ಧಾರವಾಡದ ಮೇಡಂ ಹೇಳಿದ್ದು ನಿಜ ಆಯ್ತು. ಕುಡಿಯೋ ಅಪ್ಪನ ಕಥೆ ಬರ್ದಿದ್ದ ಗುಂಪಲ್ಲಿ ಒಬ್ಬ ಮಾತೇ ಆಡದ ಹುಡುಗ, ಅವನು ತಂದಿದ್ದು ರಾತ್ರಿ ಅವರ ಮನೆ ಬಾಗಿಲು. ಹೊಸ್ತಿಲಲ್ಲಿ ಚಪ್ಪಲಿ, ಒಳಗೆ ಅಮ್ಮ ತಟ್ಟೆ ಮುಚ್ಚಿಡ್ತಾಳೆ, ಒಂದ್ಸಲ ಬಾಗಿಲ ಕಡೆ ನೋಡ್ತಾಳೆ, ಅಷ್ಟೇ, ಯಾರೂ ಬರಲ್ಲ. ನಂಗೆ ಏನ್ ಹೇಳ್ಬೇಕೋ ತಿಳೀಲಿಲ್ಲ. ಮುಂದಿನ ತಿಂಗಳು ಸಮುದಾಯ ಭವನದಲ್ಲಿ ಊರೋರಿಗೆಲ್ಲ ತೋರ್ಸೋಣ ಅಂತಿದೀವಿ, ಅವರಪ್ಪನೂ ಬರ್ತಾರೆ. ಅದನ್ನ ಹಾಕ್ಲೋ ಬೇಡ್ವೋ?

ಧಾರವಾಡ_ಟೀಚರ್:
ನೀವು ತೀರ್ಮಾನ ಮಾಡಬ್ಯಾಡ್ರಿ. ಮೊದಲ ಅವರ ಅವ್ವಗ ಒಬ್ಬಾಕಿಗೇ ತೋರಸ್ರಿ, ಹುಡುಗ ಬಾಜೂಕ ಕೂತಿರ್ಲಿ. ಆಕಿ ಬ್ಯಾಡ ಅಂದ್ರ ಹಾಕಬ್ಯಾಡ್ರಿ, ಹೂಂ ಅಂದ್ರೂ ಹುಡುಗನ್ನ ಮತ್ತೊಮ್ಮೆ ಕೇಳ್ರಿ. ಹಾಕದಿದ್ರೂ ಆ ಫೈಲ್ ಎರಡು ಕಡೆ ಕಾಪಿ ಮಾಡಿ ಇಡ್ರಿ, ಅಳಸಬ್ಯಾಡ್ರಿ.