ಅಪ್‌ಡೇಟ್: ಎಂಪಿ3 ಕತ್ತರಿಸೋ ಕೆಲಸ ಮುಗೀತು

ಕೊಪ್ಪಳದ ಭಜನಾ ಮೇಳದ ಎರಡು ತಾಸಿನ ಎಂಪಿ3 ಅನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಹಾಡುಹಾಡಾಗಿ ಕತ್ತರಿಸೋದು ಹೆಂಗ ಅಂತ ಹೋದ ವಾರ ಕೇಳಿದ್ದೆ. ಆತ್ರಿ.

ದನಿ ತಿದ್ದೋ ತಂತ್ರಾಂಶ ಆಡಾಸಿಟಿ ಮೂರರಲ್ಲೂ ಓಡ್ತದ, ಆದರೆ ಎಕ್ಸ್‌ಪೋರ್ಟ್ ಮಾಡುವಾಗ ಮತ್ತೆ ಎನ್‌ಕೋಡ್ ಆಗಿ (ದನಿಯನ್ನು ಇನ್ನೊಮ್ಮೆ ಕುಗ್ಗಿಸಿ) ತಾಳದ ದನಿ ಮಂಕಾತು. ಮ್ಯಾಕ್‌ನ ಕ್ವಿಕ್‌ಟೈಮ್ ಟ್ರಿಮ್ ಮಾಡ್ತದ, ಉಳಿಸೋದು ಮಾತ್ರ ಎಂಪಿ3 ಅಲ್ಲ, ಎಂ4ಎ ಅನ್ನೋ ಬೇರೆ ಫೈಲ್ ರೂಪದಾಗ.

ಗೆದ್ದದ್ದು ಎಫ್‌ಎಫ್‌ಎಂಪೆಗ್ (ffmpeg, ಟರ್ಮಿನಲ್‌ನಾಗ ಆಜ್ಞೆ ಬರೆದು ಓಡಿಸೋ ತಂತ್ರಾಂಶ) ಸಲಹೆ. ‘-ಎಸ್‌ಎಸ್’ಗೆ (-ss) ಶುರುವಿನ ಹೊತ್ತು, ‘-ಟು’ಗೆ (-to) ಮುಗಿಯೋ ಹೊತ್ತು, ‘-ಐ’ಗೆ (-i) ಮೂಲ ಫೈಲಿನ ಹೆಸರು, ಕಡೀಕ ಮತ್ತೆ ಎನ್‌ಕೋಡ್ ಮಾಡದೆ ಇದ್ದಂಗ ನಕಲಿಸೋ ‘-ಸಿ ಕಾಪಿ’ (-c copy), ಹೊಸ ಫೈಲಿನ ಹೆಸರು. ಎರಡೂ ಹೊತ್ತನ್ನು ‘-ಐ’ಗಿಂತ ಮೊದಲೇ ಕೊಡ್ರಿ, ‘-ಎಸ್‌ಎಸ್’ ‘-ಐ’ಗಿಂತ ಮೊದಲು, ‘-ಟು’ ‘-ಐ’ ಆದಮೇಲೆ ಬಂದರೆ ‘-ಟು’ ಎಣಿಕೆ ತುಂಡಿನ ಶುರುವನ್ನೇ ಸೊನ್ನೆ ಅಂತ ಹಿಡಿದು ತುಂಡು ಉದ್ದಾಗ್ತದ. ಇದರಾಗ ನಾನೇ ಒಂದು ತಾಸು ಕಳೆದೆ!

ನನಗ ಮೊದಲು ಗೊತ್ತಿರದಿದ್ದ ಸಂಗತಿ ಒಂದು: ಹೀಂಗ ಕಾಪಿ ಮಾಡಿದರೆ ಫ್ರೇಮಿನ (ಎಂಪಿ3 ದನಿಯ ಸಣ್ಣ ತುಣುಕಿನ) ಅಂಚಿಗೇ ಕತ್ತರಿ ಬೀಳ್ತದ. 44.1 ಕಿಲೋಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಸುಮಾರು 26 ಮಿಲಿಸೆಕೆಂಡು. ಭಜನೆಗೆ ಅಷ್ಟು ಸಾಕು. ಟರ್ಮಿನಲ್ ಒಲ್ಲದ ವಿಂಡೋಸ್‌ನವರಿಗೆ ಎಂಪಿ3ಡೈರೆಕ್ಟ್‌ಕಟ್ ಇದೇ ಕೆಲಸ ಮಾಡ್ತದ.