ಡೇ ಕೇರ್ ವೆಚ್ಚಕ್ಕೆ ಸರ್ಕಾರದಿಂದ ಯಾವುದಾದರೂ ನೆರವು ಇದೆಯೇ?

ಪ್ರಶ್ನೆ: ರಾಜಾಜಿನಗರವಾಸಿ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತಿ ಇಬ್ಬರೂ ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡುತ್ತೇವೆ. ನಮಗೆ ಒಂದೂವರೆ ವರ್ಷದ ಮಗಳಿದ್ದಾಳೆ. ಇದುವರೆಗೆ ನನ್ನ ಅತ್ತೆಯವರು ಹಾಸನದಿಂದ ಬಂದು ನೋಡಿಕೊಳ್ಳುತ್ತಿದ್ದರು. ಅವರಿಗೆ ಮಂಡಿ ನೋವು ಹೆಚ್ಚಾಗಿ ಊರಿಗೆ ಮರಳಿದ ಮೇಲೆ ಮಗುವನ್ನು ಡೇ ಕೇರ್‌ಗೆ ಸೇರಿಸಿದ್ದೇವೆ. ಅಲ್ಲಿನ ತಿಂಗಳ ಶುಲ್ಕ ಮತ್ತು ಸಂಜೆ ತಡವಾದಾಗ ತೆರುವ ಹೆಚ್ಚುವರಿ ಹಣ ಸೇರಿ ನನ್ನ ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗುತ್ತಿದೆ.

ಇಂಗ್ಲೆಂಡಿನಲ್ಲಿರುವ ನನ್ನ ನಾದಿನಿ, ದುಡಿಯುವ ಪೋಷಕರ ಮಕ್ಕಳಿಗೆ ಅಲ್ಲಿ ವಾರಕ್ಕೆ ಇಂತಿಷ್ಟು ಗಂಟೆಗಳ ಪಾಲನೆಯ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ ಎನ್ನುತ್ತಾಳೆ. ನಮ್ಮಲ್ಲಿ ಅಂಥ ಸಹಾಯಧನವೇನಾದರೂ ಇದೆಯೇ? ಆದಾಯ ತೆರಿಗೆಯಲ್ಲಾದರೂ ಈ ಶುಲ್ಕಕ್ಕೆ ವಿನಾಯಿತಿ ದೊರೆಯುತ್ತದೆಯೇ? ನಮ್ಮ ಕಂಪನಿಯಲ್ಲಿ ಎಂಬತ್ತರಷ್ಟು ನೌಕರರಿದ್ದೇವೆ. ಶಿಶುಪಾಲನಾ ಕೇಂದ್ರದ ಬಗ್ಗೆ ಎಚ್‌ಆರ್ ಅವರನ್ನು ವಿಚಾರಿಸಿದಾಗ, ಐವತ್ತು ಮಂದಿ ಮಹಿಳೆಯರಿದ್ದರೆ ಮಾತ್ರ ಆ ನಿಯಮ ಅನ್ವಯಿಸುತ್ತದೆ ಎಂಬ ಉತ್ತರ ಬಂತು. ಇದು ಸರಿಯೇ?

ಉತ್ತರ 1: ಕಾನೂನು ಓದುಗ

ನಿಮ್ಮ ಎಚ್‌ಆರ್ ಹೇಳಿದ್ದು ಸರಿಯಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ 11ಎ ಎಂಬ ಕಲಂ ಸೇರಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಪ್ರತಿಯೊಂದು ಸಂಸ್ಥೆಯಲ್ಲೂ ಶಿಶುಪಾಲನಾ ಸೌಲಭ್ಯ ಇರಬೇಕೆಂಬುದು ಅದರ ಸಾರ. ಅಲ್ಲಿ ಲೆಕ್ಕಕ್ಕೆ ಬರುವವರು ಗಂಡಸರು, ಹೆಂಗಸರು ಎಂಬ ಭೇದವಿಲ್ಲದೆ ಎಲ್ಲ ನೌಕರರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಕಲಂ ಇದೇ ಹೊಣೆಯನ್ನು ಮುಂದುವರಿಸಿದೆ. ತಾಯಿಗೆ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿ ಬರಲು ಅವಕಾಶ ಕೊಡಬೇಕೆಂದೂ ಅದರಲ್ಲಿದೆ. ಆಕೆಯ ವಿರಾಮದ ವೇಳೆಯೂ ಈ ನಾಲ್ಕರಲ್ಲೇ ಸೇರುತ್ತದೆ. ತಂದೆಗೂ ಮಗುವನ್ನು ನೋಡಬೇಕೆನಿಸೀತು ಎಂಬ ಯೋಚನೆ ಕಾನೂನು ಬರೆದವರಿಗೆ ಬಂದಂತಿಲ್ಲ.

ಸಣ್ಣ ಕಚೇರಿಯಲ್ಲಿ ಜಾಗವೆಲ್ಲಿದೆ ಎಂಬ ಆಕ್ಷೇಪ ಬಂದರೆ ಅದಕ್ಕೂ ಸಂಹಿತೆಯಲ್ಲಿ ಉತ್ತರವಿದೆ. ಸಂಸ್ಥೆಯೇ ಕೇಂದ್ರವನ್ನು ಕಟ್ಟಬೇಕೆಂದಿಲ್ಲ. ಸರ್ಕಾರ, ನಗರಸಭೆ, ಖಾಸಗಿಯವರು ಅಥವಾ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಕೇಂದ್ರವನ್ನು ಬಳಸಿಕೊಳ್ಳಬಹುದು, ಅಕ್ಕಪಕ್ಕದ ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದನ್ನು ನಡೆಸಲೂಬಹುದು.

ಇನ್ನು ನಿಮ್ಮ ಮೂಲ ಪ್ರಶ್ನೆ. ಖಾಸಗಿ ಡೇ ಕೇರ್‌ಗೆ ನೀವು ಕಟ್ಟುವ ಶುಲ್ಕದಲ್ಲಿ ಒಂದು ಪಾಲನ್ನು ನಿಮ್ಮ ಖಾತೆಗೆ ಹಾಕುವ ಯೋಜನೆ ಕೇಂದ್ರ ಸರ್ಕಾರದಲ್ಲೂ ಇಲ್ಲ, ರಾಜ್ಯ ಸರ್ಕಾರದಲ್ಲೂ ಇಲ್ಲ. ನಮ್ಮಲ್ಲಿ ಸರ್ಕಾರದ ನೆರವು ಬರುವುದು ರಜೆಯ ರೂಪದಲ್ಲಿ, ಉದ್ಯೋಗದಾತನ ಮೇಲೆ ಹೊರಿಸಿದ ಹೊಣೆಯ ರೂಪದಲ್ಲಿ ಅಥವಾ ಸರ್ಕಾರವೇ ನಡೆಸುವ ಕೇಂದ್ರದ ರೂಪದಲ್ಲಿ. ಉಳಿದ ಭಾರವನ್ನು ಅಜ್ಜಿಯಂದಿರು ಹೊರುತ್ತಾರೆ ಎಂದೇ ವ್ಯವಸ್ಥೆ ನಂಬಿಕೊಂಡಿದೆ. ಆದ್ದರಿಂದ ನೀವು ಮೊದಲು ಕೇಳಬೇಕಾದದ್ದು ನಿಮ್ಮ ಕಂಪನಿಯನ್ನು.

ಉತ್ತರ 2: ಲೆಕ್ಕಪರಿಶೋಧಕ, ಮೈಸೂರು

ತೆರಿಗೆಯ ಭಾಗವನ್ನಷ್ಟೇ ವಿವರಿಸುತ್ತೇನೆ. 80ಸಿ ಎಂದು ಎಲ್ಲರ ಬಾಯಲ್ಲಿರುವ, ಉಳಿತಾಯ ಮತ್ತು ಕೆಲವು ವೆಚ್ಚಗಳಿಗೆ ಸಿಗುವ ತೆರಿಗೆ ವಿನಾಯಿತಿಯಲ್ಲಿ ಗರಿಷ್ಠ ಇಬ್ಬರು ಮಕ್ಕಳ ಬೋಧನಾ ಶುಲ್ಕ ಸೇರುತ್ತದೆ. ಪ್ಲೇ ಸ್ಕೂಲ್ ಮತ್ತು ನರ್ಸರಿಯ ಬೋಧನಾ ಶುಲ್ಕಕ್ಕೂ ಇದು ಅನ್ವಯಿಸುತ್ತದೆ. ಆದರೆ ಅದು ಪೂರ್ಣಾವಧಿ ಶಿಕ್ಷಣಕ್ಕೆ ಕಟ್ಟಿದ ಹಣವಾಗಿರಬೇಕು. ಮಗುವನ್ನು ನೋಡಿಕೊಳ್ಳುವುದಕ್ಕೆ ಕೊಡುವ ಶುಲ್ಕ, ಊಟದ ಹಣ, ವಾಹನದ ಹಣ, ದೇಣಿಗೆ ಇವು ಯಾವುವೂ ಸೇರುವುದಿಲ್ಲ. ನಿಮ್ಮ ಮಗಳ ಡೇ ಕೇರ್ ಶುಲ್ಕವನ್ನು ಈ ಕಾರಣಕ್ಕೆ ತೋರಿಸಲಾಗದು.

ಮುಂದೆ ಪ್ಲೇ ಸ್ಕೂಲಿಗೆ ಸೇರಿಸಿದಾಗಲೂ ಎರಡು ಮಿತಿಗಳಿರುತ್ತವೆ. ಮೊದಲನೆಯದು, ಭವಿಷ್ಯ ನಿಧಿ, ಜೀವ ವಿಮೆ, ಗೃಹ ಸಾಲದ ಅಸಲು ಇವೆಲ್ಲವೂ ಸೇರಿ ಒಟ್ಟು ಮಿತಿ 1.5 ಲಕ್ಷ ರೂಪಾಯಿ. ಹೆಚ್ಚಿನವರಿಗೆ ಅದು ಭವಿಷ್ಯ ನಿಧಿ ಮತ್ತು ಸಾಲದಲ್ಲೇ ತುಂಬಿಹೋಗಿರುತ್ತದೆ. ಎರಡನೆಯದು, ಈ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಇದ್ದು, 2023–24ನೇ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತಿದೆ. ಮಗುವಿನ ಶುಲ್ಕವೊಂದಕ್ಕಾಗಿ ಹಳೆಯ ಪದ್ಧತಿಗೆ ಮರಳುವುದು ಸಾಮಾನ್ಯವಾಗಿ ಲಾಭದಾಯಕವಲ್ಲ. ಎರಡೂ ಲೆಕ್ಕಗಳನ್ನು ಹಾಕಿ ನೋಡದೆ ನಿರ್ಧರಿಸಬೇಡಿ.

ಉತ್ತರ 3: ನಿವೃತ್ತ ಮೇಲ್ವಿಚಾರಕಿ

ಅಂಗನವಾಡಿಗಳ ಮೇಲ್ವಿಚಾರಣೆಯಲ್ಲಿ ಸೇವೆ ಸಲ್ಲಿಸಿದವಳಾದ್ದರಿಂದ ಸರ್ಕಾರಿ ಕೇಂದ್ರಗಳ ವಿಷಯವನ್ನು ತಿಳಿಸುತ್ತೇನೆ. ಕೇಂದ್ರ ಸರ್ಕಾರದ ಮಿಷನ್ ಶಕ್ತಿಯಡಿ ‘ಪಾಲನಾ’ ಎಂಬ ಯೋಜನೆಯಿದೆ. ಮೊದಲು ಇದು ರಾಷ್ಟ್ರೀಯ ಶಿಶುಪಾಲನಾ ಯೋಜನೆಯಾಗಿತ್ತು. 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ ಪಾಲನೆ, ಪೂರಕ ಪೌಷ್ಟಿಕ ಆಹಾರ, ಬೆಳವಣಿಗೆಯ ತಪಾಸಣೆ ಮತ್ತು ಲಸಿಕೆಯ ನಿಗಾ ಅದರಲ್ಲಿ ಸೇರಿವೆ. ಹಳೆಯ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಂದ ತಿಂಗಳಿಗೆ 20 ರೂಪಾಯಿ, ಉಳಿದವರಿಂದ ಆದಾಯಕ್ಕೆ ತಕ್ಕಂತೆ 100 ಅಥವಾ 200 ರೂಪಾಯಿ ಪಡೆಯುವ ಕ್ರಮವಿತ್ತು. ನೀವು ಈಗ ಕಟ್ಟುತ್ತಿರುವ ಮೊತ್ತದ ಪಕ್ಕದಲ್ಲಿಟ್ಟರೆ ಅದು ಏನೂ ಅಲ್ಲ. ಈ ಯೋಜನೆಯಲ್ಲಿ ಕೆಲವು ಅಂಗನವಾಡಿಗಳನ್ನೇ ಶಿಶುಪಾಲನಾ ಕೇಂದ್ರವನ್ನಾಗಿಯೂ ನಡೆಸಲಾಗುತ್ತದೆ.

ತೊಡಕಿರುವುದು ವೇಳೆಯಲ್ಲಿ. ಹಳೆಯ ಯೋಜನೆಯ ಮಾರ್ಗಸೂಚಿಯಲ್ಲಿದ್ದದ್ದು ದಿನಕ್ಕೆ ಏಳೂವರೆ ಗಂಟೆ. ಒಂಬತ್ತು ಗಂಟೆ ಕಚೇರಿಯಲ್ಲಿದ್ದು, ಅದರ ಮೇಲೆ ಬೆಂಗಳೂರಿನ ವಾಹನ ದಟ್ಟಣೆಯನ್ನೂ ದಾಟಿ ಬರಬೇಕಾದ ತಾಯಿಗೆ ಅದು ಸಾಲುವುದಿಲ್ಲ. ಸಾಮಾನ್ಯ ಅಂಗನವಾಡಿಯಂತೂ ಅದಕ್ಕಿಂತ ಮೊದಲೇ ಮುಚ್ಚುತ್ತದೆ. ಅಲ್ಲಿನ ಶಾಲಾಪೂರ್ವ ಶಿಕ್ಷಣವೂ 3 ವರ್ಷ ತುಂಬಿದ ಮಕ್ಕಳಿಗೆ. ಆದರೂ ಬಡಾವಣೆಯ ಅಂಗನವಾಡಿ ಕಾರ್ಯಕರ್ತೆಯನ್ನೋ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯನ್ನೋ ಒಮ್ಮೆ ವಿಚಾರಿಸಿ. ಮಧ್ಯಮ ವರ್ಗದವರು ಇವು ತಮಗಲ್ಲವೆಂದುಕೊಂಡು ಬಾಗಿಲಿಗೇ ಬರುವುದಿಲ್ಲ. ಪಾಲನಾದಲ್ಲಿ ಎಲ್ಲ ತಾಯಂದಿರಿಗೂ ಅವಕಾಶವಿದೆ.

ಹಳ್ಳಿಯ ತಾಯಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ರಾಜ್ಯ ಸರ್ಕಾರವು 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳ ಬಗ್ಗೆ ಪಂಚಾಯಿತಿಯಲ್ಲಿ ಕೇಳಿ. ನರೇಗಾ ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗೆಂದು ಅವನ್ನು ರೂಪಿಸಲಾಯಿತು.

ರಾಜಾಜಿನಗರವಾಸಿ

ಎಲ್ಲರಿಗೂ ಧನ್ಯವಾದಗಳು. ಕಂಪನಿಯು ಸೌಲಭ್ಯ ಕೊಡಲೇಬೇಕು ಎಂದಾದರೆ ಅದನ್ನು ಉಚಿತವಾಗಿ ಕೊಡಬೇಕೆಂದೂ ಅರ್ಥವೇ? ನಾನು ಯಾವ ರೀತಿ ಬರೆಯಬೇಕು?

ಕಾನೂನು ಓದುಗ

ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ಆ ಕಲಂ ಬಿಡಿಸಿ ಹೇಳುವುದಿಲ್ಲ. ಇದೇ ಅದರ ದೊಡ್ಡ ಕೊರತೆ. ಸೌಲಭ್ಯ ಒದಗಿಸುವ ಹೊಣೆ ಉದ್ಯೋಗದಾತನದಾದ್ದರಿಂದ ವೆಚ್ಚವೂ ಅವನದೇ ಎಂದು ವಾದಿಸಲು ಅವಕಾಶವಿದೆ. ಆದರೆ ವ್ಯವಹಾರದಲ್ಲಿ ಅನೇಕ ಕಂಪನಿಗಳು ಹತ್ತಿರದ ಡೇ ಕೇರ್‌ನೊಡನೆ ಒಪ್ಪಂದ ಮಾಡಿಕೊಂಡು ಶುಲ್ಕದ ಒಂದು ಪಾಲನ್ನು ಮಾತ್ರ ಕೊಡುತ್ತವೆ. ನೀವೂ ಅಷ್ಟನ್ನು ಕನಿಷ್ಠವೆಂದಿಟ್ಟುಕೊಂಡು ಕೇಳಿ.

ಬಾಯಿಮಾತಿನಲ್ಲಿ ಕೇಳದೆ ಮಿಂಚಂಚೆಯಲ್ಲಿ ಬರೆಯಿರಿ. ಸಂಸ್ಥೆಯ ಒಟ್ಟು ನೌಕರರ ಸಂಖ್ಯೆಯನ್ನೂ 67ನೇ ಕಲಮನ್ನೂ ಉಲ್ಲೇಖಿಸಿ, ಸದ್ಯ ಯಾವ ವ್ಯವಸ್ಥೆ ಇದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರಿ. ಚಿಕ್ಕ ಮಕ್ಕಳಿರುವ ಸಹೋದ್ಯೋಗಿಗಳು, ತಂದೆಯರೂ ಸೇರಿದಂತೆ, ಒಟ್ಟಾಗಿ ಸಹಿ ಮಾಡಿದರೆ ಉತ್ತರ ಬೇಗ ಬರುತ್ತದೆ. ಒಬ್ಬರೇ ಕೇಳಿದವರ ಮೇಲೆ ಬೀಳುವ ಓರೆನೋಟವೂ ತಪ್ಪುತ್ತದೆ. ಉತ್ತರವೇ ಬಾರದಿದ್ದಾಗ ಮಾತ್ರ ಕಾರ್ಮಿಕ ಇಲಾಖೆಗೆ ದೂರು ಕೊಡುವ ದಾರಿಯನ್ನು ಯೋಚಿಸಿ.

ಒಪ್ಪಂದದ ಮಾತು ಬಂದಾಗ ಡೇ ಕೇರ್ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ತಡವಾದರೆ ಹೆಚ್ಚುವರಿ ಹಣವನ್ನು ಯಾರು ಕೊಡಬೇಕು, ಮಗುವಿಗೆ ಎಷ್ಟು ವಯಸ್ಸಾಗುವವರೆಗೆ ಕಂಪನಿಯ ಪಾಲು ಸಿಗುತ್ತದೆ ಎಂಬ ಮೂರನ್ನು ಮೊದಲೇ ಬರೆಸಿಕೊಳ್ಳಿ.