ಸಹಾಯ ಬೇಕು: ಚಾರ್ಲ್ಸ್‌ಟನ್‌ನಲ್ಲಿ ಒಂದೇ ದಿನ, ಮೊದಲು ಕೋಟೆನಾ ಮ್ಯೂಸಿಯಮ್ಮಾ?

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಬರೋ ಶನಿವಾರ ಅವರನ್ನ ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ಗೆ ಕರ್ಕೊಂಡು ಹೋಗ್ತಿದ್ದೀನಿ. ಅಪ್ಪ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದವರು. 1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದ ಫೋರ್ಟ್ ಸಮ್ಟರ್ ಕೋಟೆ ನೋಡ್ಲೇಬೇಕು ಅಂತಿದ್ದಾರೆ. ನನಗೋ, 2023ರಲ್ಲಿ ತೆರೆದ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ತೋರಿಸದೆ ವಾಪಸ್ ಬರೋಕೆ ಮನಸ್ಸಿಲ್ಲ. ಗುಲಾಮರಾಗಿ ಹಿಡಿದು ತಂದ ಸಾವಿರಾರು ಜನರನ್ನ ಹಡಗಿಂದ ಇಳಿಸಿದ ಗ್ಯಾಡ್ಸ್‌ಡನ್ಸ್ ವಾರ್ಫ್ ಜಾಗದಲ್ಲೇ ಅದನ್ನ ಕಟ್ಟಿದ್ದಾರೆ. ಅಪ್ಪ ಅಲ್ಲಿ ನಿಂತು ನೋಡ್ಬೇಕು ಅನ್ನೋದು ನನ್ನ ಆಸೆ.

ಕೋಟೆ ಸಮುದ್ರದ ಮಧ್ಯೆ ಇದೆ, ದೋಣಿಯಲ್ಲೇ ಹೋಗ್ಬೇಕು. ಹೋಗಿಬರೋಕೆ ಎರಡು ಗಂಟೆ ಮೇಲೇ ಬೇಕು. ಮ್ಯೂಸಿಯಂ ಟಿಕೆಟ್‌ಗೂ ಟೈಮ್ ಹಾಕಿರ್ತಾರೆ. ಎರಡರ ವೇಳಾಪಟ್ಟಿ ಪಕ್ಕಪಕ್ಕ ಇಟ್ಕೊಂಡು ನೋಡಿದೆ, ಆಫೀಸಲ್ಲೂ ವಿಚಾರಿಸಿದೆ. ಹೋಗಿಬಂದವರೆಲ್ಲ ಚಿಕ್ಕ ವಯಸ್ಸಿನವರು, ಚೆನ್ನಾಗಿ ನಡೆಯೋರು. ಅಮ್ಮನಿಗೆ ಮಂಡಿ ನೋವು, ಬಿಸಿಲಲ್ಲಿ ಜಾಸ್ತಿ ನಿಲ್ಲೋಕಾಗಲ್ಲ. ದೋಣಿ ಹತ್ತೋ ಜಾಗದಿಂದ ಮ್ಯೂಸಿಯಂ ಹತ್ತಿರಾನೇ ಇದೆ, ಆ ಚಿಂತೆ ಇಲ್ಲ.

ವಯಸ್ಸಾದವರನ್ನ ಕರ್ಕೊಂಡು ಹೋದವರು ದಯವಿಟ್ಟು ಹೇಳಿ: ಬೆಳಿಗ್ಗೆ ಮೊದಲ ದೋಣಿಗೆ ಕೋಟೆ, ಮಧ್ಯಾಹ್ನ ಮ್ಯೂಸಿಯಂ ಅಂತ ಇಟ್ಕೊಂಡ್ರೆ ಅಮ್ಮನಿಗೆ ಆಗುತ್ತಾ? ಇಲ್ಲಾ, ಒಂದನ್ನ ಬಿಡ್ಲೇಬೇಕಾ?